ಓದುಗರ ಪ್ರಶ್ನೆ: ಒಂದು ಕೈಯಲ್ಲಿ ಕಾರ್ಖಾನೆ, ಇನ್ನೊಂದರಲ್ಲಿ ಕದನ

ಪ್ರಶ್ನೆ: ಕಾರ್ಖಾನೆ ಕಟ್ಟಿ ಶತ್ರುಗಳಿಂದ ಕಾಪಾಡಿಕೊಳ್ಳುವ ಕಂಪ್ಯೂಟರ್ ಆಟ ಫ್ಯಾಕ್ಟೋರಿಯೊ ಆಡುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಗುಂಡು ತುಂಬಿದ ಮ್ಯಾಗಜೀನ್‌ಗಳು 2000 ಇವೆ. ಗೋಡೆಯ ಹಿಂದೆ ತಾವೇ ಗುಂಡು ಹಾರಿಸುವ 12 ಗನ್ ಟರೆಟ್‌ಗಳಿವೆ. ಮೊದಲು ಎಲ್ಲ ಸರಿಯಿತ್ತು; ಈಗ ದೊಡ್ಡ ದಾಳಿ ಬಂದರೆ ಅರ್ಧ ಟರೆಟ್‌ಗಳು ನಡುವಿನಲ್ಲೇ ಖಾಲಿಯಾಗುತ್ತವೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ದಾಸ್ತಾನು ಧಾರಾಳವಾಗಿದೆ, ಅದು ಗೋಡೆಗೆ ತಲುಪುವ ವೇಗ ಸಾಲದು. ಗನ್ ಟರೆಟ್ ಸೆಕೆಂಡಿಗೆ 10 ಗುಂಡು ಹಾರಿಸುತ್ತದೆ, ಒಂದು ಮ್ಯಾಗಜೀನ್‌ನಲ್ಲಿ ಇರುವುದೂ 10 ಗುಂಡು. ಅಂದರೆ ಎಡೆಬಿಡದೆ ಹೊಡೆಯುವಾಗ ಒಂದು ಟರೆಟ್‌ಗೆ ಸೆಕೆಂಡಿಗೊಂದು ಮ್ಯಾಗಜೀನ್, 12 ಟರೆಟ್‌ಗೆ 12. ಪೆಟ್ಟಿಗೆಯಿಂದ ಸಾಗಣೆ ಬೆಲ್ಟಿಗೆ ಎತ್ತಿ ಹಾಕುವ ಯಂತ್ರದ ಕೈ, ಅಂದರೆ ಸಾಮಾನ್ಯ ಇನ್ಸರ್ಟರ್, ಸೆಕೆಂಡಿಗೆ ಒಂದನ್ನೂ ಪೂರ್ತಿ ಸಾಗಿಸಲಾರದು, ಸುಮಾರು 0.83 ಅಷ್ಟೆ. ಹಾಗಾಗಿ ದಾಳಿ ನಡೆಯುವಾಗ ನಿಮ್ಮನ್ನು ಕಾಯುವುದು ಪೆಟ್ಟಿಗೆಯ 2000 ಅಲ್ಲ, ಆಗಲೇ ಗೋಡೆಯ ಬಳಿ ಬಂದು ನಿಂತಿರುವ ಮ್ಯಾಗಜೀನ್‌ಗಳು. ಇನ್ಸರ್ಟರ್ ಪ್ರತಿ ಟರೆಟ್‌ಗೆ 10 ತುಂಬಿ ನಿಲ್ಲಿಸುತ್ತದೆ: ಒಟ್ಟು 120. ಬೆಲ್ಟಿನ ಒಂದು ಸಾಲಿನಲ್ಲಿ ಚೌಕಕ್ಕೆ 4 ಹಿಡಿಯುತ್ತವೆ. 12 ಟರೆಟ್ ಒತ್ತಾಗಿ ನಿಂತರೆ 24 ಚೌಕ, ಅಂದರೆ ಇನ್ನೂ 96. ಎಲ್ಲ ಸೇರಿ 216, ಪೂರ್ತಿ ಕಾಳಗಕ್ಕೆ 18 ಸೆಕೆಂಡ್.

ಮೊದಲು ಸಾಕಾಗುತ್ತಿದ್ದದ್ದು ಈಗ ಯಾಕೆ ಸಾಲದು ಎಂಬುದಕ್ಕೆ ಕಾರಣ ಬೇರೆಯೇ ಇದೆ, ಅದೇ ಮುಖ್ಯವಾದದ್ದು. ಶತ್ರುಗಳು ಎಷ್ಟು ಬಲಿತಿವೆ ಎಂದು ಹೇಳುವ ವಿಕಾಸದ ಅಂಕ 0.2 ದಾಟಿದ ಮೇಲೆ ಮಧ್ಯಮ ಗಾತ್ರದ ಬೈಟರ್‌ಗಳು (ಕಚ್ಚುವ ಶತ್ರು ಜೀವಿಗಳು) ಬರತೊಡಗುತ್ತವೆ. ಇವುಗಳ ಚರ್ಮ ಪ್ರತಿ ಗುಂಡಿನ ಪೆಟ್ಟಿನಿಂದ 4 ಅಂಕ ಕಳೆದು, ಉಳಿದದ್ದರಲ್ಲಿ ಇನ್ನೂ 10% ಕಡಿಮೆ ಮಾಡುತ್ತದೆ. ಸಾಮಾನ್ಯವಾದ ಹಳದಿ ಗುಂಡಿನ ಪೆಟ್ಟು 5. ಅದರಲ್ಲಿ ತಗಲುವುದು 0.9. ಚರ್ಮ ಸೀಳುವ ಕೆಂಪು ಗುಂಡಿನದು 8; ತಗಲುವುದು 3.6. ಈ ಬೈಟರ್ ಸಾಯಲು ಒಟ್ಟು 75 ಅಂಕದ ಪೆಟ್ಟು ತಗಲಬೇಕು. ಸಂಶೋಧನೆಯಿಂದ ಪೆಟ್ಟು ಹೆಚ್ಚಿಸಿಕೊಳ್ಳದಿದ್ದರೆ ಒಂದನ್ನು ಕೆಡವಲು ಹಳದಿ 84 ಗುಂಡು ಬೇಕು, ಕೆಂಪು 21 ಸಾಕು. ಬೆಲ್ಟನ್ನು ನಾಲ್ಕು ಪಟ್ಟು ಹಿಗ್ಗಿಸುವ ಬದಲು ಗುಂಡು ಬದಲಿಸುವುದೇ ಅಗ್ಗ. ಜೊತೆಗೆ ಗುಂಡಿನ ಪೆಟ್ಟು ಹೆಚ್ಚಿಸುವ ಸಂಶೋಧನೆಯನ್ನೂ ಹಚ್ಚಿಡಿ.

ಬದಲಿಸುವಾಗ ಒಂದು ಎಚ್ಚರ. ಗನ್ ಟರೆಟ್‌ಗೆ ಗುಂಡಿನ ಖಾನೆ ಒಂದೇ. ಒಳಗೆ ಹಳದಿ ಇರುವ ತನಕ ಕೆಂಪು ಹೋಗುವುದಿಲ್ಲ. ಕೆಂಪು ಹಿಡಿದ ಇನ್ಸರ್ಟರ್ ಕೈ ಎತ್ತಿಕೊಂಡೇ ನಿಲ್ಲುತ್ತದೆ. ಆದ್ದರಿಂದ ಮೊದಲು ಬೆಲ್ಟಿನಿಂದಲೂ ಟರೆಟ್‌ಗಳಿಂದಲೂ ಹಳದಿ ಪೂರ್ತಿ ತೆಗೆಯಿರಿ, ಆಮೇಲೆ ಕೆಂಪು ಬಿಡಿ. ಪೆಟ್ಟಿಗೆಯ ಬಳಿ ನೀಲಿಯ ವೇಗದ ಇನ್ಸರ್ಟರ್ ಎರಡು ಮೂರು ಹಾಕಿ, ಒಂದೊಂದೂ ಸೆಕೆಂಡಿಗೆ 2.3ರಷ್ಟು ಎತ್ತುತ್ತದೆ. ಗೋಡೆಯ ಬೆಲ್ಟನ್ನು ಸುತ್ತು ಹಾಕಿಸಬೇಡಿ, ಕೊನೆಯಲ್ಲಿ ಮುಚ್ಚಿಬಿಡಿ. ಆಗ ಅದು ತುಂಬಿ ನಿಂತು ತಾನೇ ಉಗ್ರಾಣವಾಗುತ್ತದೆ.

ಮರುಭರ್ತಿಯ ಲೆಕ್ಕವೂ ಗೊತ್ತಿರಲಿ. ಹಳದಿ ಮ್ಯಾಗಜೀನ್ ಒಂದಕ್ಕೆ 4 ಕಬ್ಬಿಣದ ತಗಡು. ಮೊದಲ ದರ್ಜೆಯ ಅಸೆಂಬ್ಲರ್ ಎರಡು ಸೆಕೆಂಡಿಗೆ ಒಂದನ್ನು ಮಾಡುತ್ತದೆ, ಅಂದರೆ ಸೆಕೆಂಡಿಗೆ 2 ತಗಡು ನುಂಗುತ್ತದೆ. ಅಷ್ಟು ತಗಡಿಗೆ 4 ವಿದ್ಯುತ್ ಗಣಿಯಂತ್ರ ಮತ್ತು 7 ಕಲ್ಲಿನ ಕುಲುಮೆ ಬೇಕು. ಗುಂಡಿನ ಅಸೆಂಬ್ಲರ್ ಅನ್ನು ಸಂಶೋಧನೆಯ ಸರಕು ಮಾಡುವ ಸಾಲಿನ ತುದಿಗೆ ಕಟ್ಟಿದರೆ ಕಬ್ಬಿಣ ಕೊರತೆಯಾದ ದಿನವೇ ಗುಂಡೂ ನಿಲ್ಲುತ್ತದೆ. ಬೆಲ್ಟನ್ನು ಕವಲೊಡೆಸುವ ಸ್ಪ್ಲಿಟರ್‌ನಲ್ಲಿ ಆದ್ಯತೆ ಕೊಟ್ಟು ಮೊದಲ ಪಾಲು ಇದಕ್ಕೇ ಬರುವಂತೆ ಮಾಡಿ.

ಪ್ರಶ್ನೆ: ಈ ತಲೆನೋವೇ ಬೇಡ ಎಂದು ಲೇಸರ್ ಟರೆಟ್‌ಗೆ ಹೋದರೆ?

ಉತ್ತರ: ಗುಂಡು ಸಾಗಿಸುವ ಕೆಲಸ ಹೋಗುತ್ತದೆ, ಆ ಜಾಗಕ್ಕೆ ವಿದ್ಯುತ್ ಬರುತ್ತದೆ. ಲೇಸರ್ ಸುಮ್ಮನೆ ನಿಂತಾಗಲೂ 24 ಕಿಲೋವ್ಯಾಟ್ ಎಳೆಯುತ್ತದೆ. 20 ಟರೆಟ್ ಎಂದರೆ 480, ಒಂದು ಉಗಿ ಎಂಜಿನ್ನಿನ 900ರಲ್ಲಿ ಅರ್ಧಕ್ಕಿಂತ ಹೆಚ್ಚು. ಹೊಡೆಯುವಾಗ ಒಂದೊಂದು ಹೊಡೆತಕ್ಕೆ 800 ಕಿಲೋಜೂಲ್. 5 ಮೆಗಾಜೂಲ್ ಹಿಡಿಯುವ ಅಕ್ಯುಮ್ಯುಲೇಟರ್ ಒಂದರಿಂದ 6 ಹೊಡೆತ ಸಿಗುತ್ತದೆ.

ನಿಜವಾದ ಅಪಾಯ ಬಾಯ್ಲರ್ ಬಳಿ ಇದೆ. ಕಲ್ಲಿದ್ದಲು ಹಾಕುವ ಇನ್ಸರ್ಟರ್‌ಗಳೂ ಅದೇ ವಿದ್ಯುತ್ತಿನಿಂದ ನಡೆಯುತ್ತಿದ್ದರೆ, ದಾಳಿಯಲ್ಲಿ ವೋಲ್ಟೇಜ್ ಬಿದ್ದೊಡನೆ ಅವು ನಿಧಾನವಾಗುತ್ತವೆ, ಬಾಯ್ಲರ್‌ಗೆ ಕಲ್ಲಿದ್ದಲು ಕಡಿಮೆಯಾಗುತ್ತದೆ, ವಿದ್ಯುತ್ ಮತ್ತೂ ಇಳಿಯುತ್ತದೆ. ಕೊನೆಗೆ ಕಾರ್ಖಾನೆ, ಗೋಡೆ ಎರಡೂ ಕತ್ತಲೆ. ಬಾಯ್ಲರ್‌ಗಳಿಗೆ ತಾವೇ ಕಲ್ಲಿದ್ದಲು ಸುಟ್ಟು ನಡೆಯುವ ಬರ್ನರ್ ಇನ್ಸರ್ಟರ್ ಹಾಕಿ. ಗೋಡೆಯಲ್ಲಿ ಗನ್ ಟರೆಟ್‌ಗಳನ್ನು ಪೂರ್ತಿ ಕಿತ್ತುಹಾಕದೆ ಮೂರನೇ ಒಂದು ಪಾಲು ಉಳಿಸಿಕೊಳ್ಳಿ ಎಂಬುದು ನಮ್ಮ ಸಲಹೆ.

ಪ್ರಶ್ನೆ: ಮಿಂಡಸ್ಟ್ರಿ ಎಂಬ ಇಂಥದೇ ಇನ್ನೊಂದು ಆಟದಲ್ಲಿ ಸೈನ್ಯ ತಯಾರಾಗುವುದು ಬಹಳ ನಿಧಾನ. ಇನ್ನಷ್ಟು ಯೂನಿಟ್ ಫ್ಯಾಕ್ಟರಿ ಕಟ್ಟಬೇಕೇ?

ಉತ್ತರ: ಸದ್ಯ ಬೇಡ, ಮೊದಲು ಸಿಲಿಕಾನ್ ಎಣಿಸಿ. ಮೊದಲ ದರ್ಜೆಯ ಯೂನಿಟ್ ಆದ ಡ್ಯಾಗರ್ ಒಂದಕ್ಕೆ 10 ಸಿಲಿಕಾನ್, 10 ಸೀಸ. ಅದನ್ನು ಮುಂದಿನ ದರ್ಜೆಯ ಮೇಸ್ ಮಾಡಲು ಇನ್ನೂ 40 ಸಿಲಿಕಾನ್, 40 ಗ್ರಾಫೈಟ್. ಮೇಸನ್ನು ಫೋರ್ಟ್ರೆಸ್ ಮಾಡಲು 130 ಸಿಲಿಕಾನ್, 80 ಟೈಟೇನಿಯಂ, 40 ಮೆಟಾಗ್ಲಾಸ್. ಒಂದು ಫೋರ್ಟ್ರೆಸ್ ಹೊರಬರುವಷ್ಟರಲ್ಲಿ 180 ಸಿಲಿಕಾನ್ ಖರ್ಚು. ಒಂದು ಸಿಲಿಕಾನ್ ಸ್ಮೆಲ್ಟರ್ ಪೂರ್ತಿ ವೇಗದಲ್ಲಿ ಸೆಕೆಂಡಿಗೆ 1.5 ಕೊಡುತ್ತದೆ, ಅಂದರೆ ಫೋರ್ಟ್ರೆಸ್‌ಗೆ ಎರಡು ನಿಮಿಷ.

ಆದರೆ ಪೂರ್ತಿ ವೇಗ ಸಿಗುತ್ತಿದೆಯೇ ನೋಡಿ. ಸ್ಮೆಲ್ಟರ್‌ಗೆ ಸೆಕೆಂಡಿಗೆ 3 ಮರಳು, 1.5 ಕಲ್ಲಿದ್ದಲು, ಒಟ್ಟು 4.5 ಬೇಕು. ಮೊದಲ ದರ್ಜೆಯ ಕನ್ವೇಯರ್ ಸಾಗಿಸುವುದು 4ರ ಮೇಲೆ ಚೂರು. ಎರಡನ್ನೂ ಒಂದೇ ಕನ್ವೇಯರ್‌ನಲ್ಲಿ ಬೆರೆಸಿದರೆ ಮತ್ತೊಂದು ತೊಂದರೆ: ಸ್ಮೆಲ್ಟರ್‌ನಲ್ಲಿ ಮರಳು ಭರ್ತಿಯಾದಾಗ ಮುಂದಿರುವ ಮರಳು ಅಲ್ಲೇ ನಿಲ್ಲುತ್ತದೆ, ಹಿಂದಿರುವ ಕಲ್ಲಿದ್ದಲಿಗೆ ದಾರಿ ಇಲ್ಲ. ಮರಳು ಒಂದು ಬದಿಯಿಂದ, ಕಲ್ಲಿದ್ದಲು ಇನ್ನೊಂದು ಬದಿಯಿಂದ ಕೊಡಿ.

ಇಷ್ಟಾದ ಮೇಲೂ ನಿಂತಿದ್ದರೆ ಬಾಣದ ಗುರುತು ನೋಡಿ. ಫ್ಯಾಕ್ಟರಿಯ ಬಾಣ ಯೂನಿಟ್‌ನ ದರ್ಜೆ ಏರಿಸುವ ರಿಕನ್‌ಸ್ಟ್ರಕ್ಟರ್ ಕಡೆಗಿರಬೇಕು, ರಿಕನ್‌ಸ್ಟ್ರಕ್ಟರ್‌ನ ಬಾಣ ಫ್ಯಾಕ್ಟರಿಯತ್ತ ತಿರುಗಿರಬಾರದು. ಪ್ರತಿ ಬಗೆಯ ಯೂನಿಟ್‌ಗೂ ಮಿತಿ ಇದೆ. ದೊಡ್ಡ ಕೋರ್ (ನೆಲೆಯ ಕೇಂದ್ರ ಕಟ್ಟಡ) ಕಟ್ಟಿದರೆ ಆ ಮಿತಿ ಏರುತ್ತದೆ.

ಪ್ರಶ್ನೆ: 1997ರ ಯುದ್ಧದ ಆಟ ಟೋಟಲ್ ಅನೈಲೇಷನ್‌ನಲ್ಲೂ ಲೋಹ, ಶಕ್ತಿ ಎಲ್ಲ ಇತ್ತಲ್ಲ? ವ್ಯತ್ಯಾಸವೇನು?

ಉತ್ತರ: ಅಲ್ಲಿ ಲೋಹ ಇಡೀ ನಕ್ಷೆಗೆ ಒಂದೇ ಕೊಳ, ಸಾಗಣೆ ಇಲ್ಲ. ಕೊರತೆಯಾದರೆ ಎಲ್ಲ ನಿರ್ಮಾಣವೂ ಒಟ್ಟಿಗೆ ನಿಧಾನವಾಗುತ್ತದೆ. ಬೆಲ್ಟಿನ ಆಟದಲ್ಲಿ ಕೊರತೆಗೆ ಒಂದು ಜಾಗವಿದೆ, ಅಲ್ಲಿಗೆ ಹೋಗಿ ಬೆರಳಿಟ್ಟು ತೋರಿಸಬಹುದು. ಶತ್ರುವೂ ಅಲ್ಲೇ ಹೊಡೆಯಬಹುದು. ಆ ಹಳೆಯ ಆಟದಲ್ಲಿ ಶಕ್ತಿ ಕುಸಿದಾಗ ಮೊದಲು ಶಕ್ತಿಯಿಂದ ಲೋಹ ಮಾಡುವ ಮೆಟಲ್ ಮೇಕರ್ ನಿಲ್ಲಿಸಿ, 1 ಲೋಹಕ್ಕೆ ಅದು 60 ಶಕ್ತಿ ತಿನ್ನುತ್ತದೆ.

ಪ್ರಶ್ನೆ: ಇಂಥದೊಂದು ಆಟವನ್ನು ನಾನೇ ಬರೆಯಲು ಹೊರಟಿದ್ದೇನೆ. ಆರಂಭದಲ್ಲೇ ಏನು ಗಮನಿಸಬೇಕು?

ಉತ್ತರ: ಆಟಗಾರನ ಗಮನವೇ ಎಲ್ಲಕ್ಕಿಂತ ದುರ್ಲಭ ಸರಕು. ಬೆಲ್ಟ್ ಜೋಡಿಸುವವನಿಗೆ ಹತ್ತು ನಿಮಿಷದ ನೆಮ್ಮದಿ ಬೇಕು, ಕದನಕ್ಕೆ ಎರಡು ಸೆಕೆಂಡಿಗೊಂದು ಆಜ್ಞೆ ಬೇಕು. ಎರಡನ್ನೂ ಒಟ್ಟಿಗೆ ಕೇಳಿದರೆ ಆಟಗಾರ ಒಂದನ್ನು ಕೈಬಿಡುತ್ತಾನೆ, ಸಾಮಾನ್ಯವಾಗಿ ಕಾರ್ಖಾನೆಯನ್ನು. ಹೊಸ ಯೂನಿಟ್‌ಗಳು ತಾವೇ ದಂಡಿಗೆ ಸೇರಲಿ, ಪೆಟ್ಟಾದವು ತಾವೇ ದುರಸ್ತಿಗೆ ಹಿಂದಿರುಗಲಿ. ಆಟಗಾರನಿಂದ ದಿಕ್ಕು ಮತ್ತು ಸಮಯವನ್ನಷ್ಟೇ ಕೇಳಿ.

ತಾಂತ್ರಿಕವಾಗಿ, ಸೆಕೆಂಡಿಗೆ 60 ಟಿಕ್ (ಆಟದ ಲೆಕ್ಕಾಚಾರದ ಒಂದೊಂದು ಸುತ್ತು) ಎಂದರೆ ಒಂದು ಟಿಕ್‌ಗೆ 16.7 ಮಿಲಿಸೆಕೆಂಡ್, ಬೆಲ್ಟೂ ಸೈನ್ಯವೂ ಅದರೊಳಗೇ ಮುಗಿಯಬೇಕು. ಬೆಲ್ಟಿನ ಪ್ರತಿ ವಸ್ತುವನ್ನೂ ಸರಿಸಬೇಡಿ; ವಸ್ತುಗಳ ನಡುವಿನ ಅಂತರ ಬರೆದಿಟ್ಟುಕೊಂಡರೆ ಒಂದು ಅಂತರ ಬದಲಿಸಿದೊಡನೆ ಇಡೀ ಸಾಲು ಸರಿಯುತ್ತದೆ. ದಾರಿಯನ್ನು ಪ್ರತಿ ಯೂನಿಟ್‌ಗೂ ಬೇರೆಬೇರೆ ಹುಡುಕದೆ ಗುರಿಯಿಂದ ಹಿಂದಕ್ಕೆ ಒಮ್ಮೆ ಲೆಕ್ಕ ಹಾಕಿ, ಪ್ರತಿ ಚೌಕದಲ್ಲಿ ಒಂದು ದಿಕ್ಕು ಬರೆಯಿರಿ. ಆಟಗಾರ ಹೊಸ ಗೋಡೆ ಕಟ್ಟಿದಾಗಲೇ ಅದನ್ನು ತಿದ್ದಿ. ಶತ್ರುವನ್ನು ಹುಡುಕುವ ಕೆಲಸವನ್ನು ಎಲ್ಲ ಟರೆಟ್‌ಗಳಿಗೂ ಒಂದೇ ಟಿಕ್‌ನಲ್ಲಿ ಕೊಡಬೇಡಿ, 15 ಟಿಕ್‌ಗಳಿಗೆ ಹಂಚಿ. ಕಾಲು ಸೆಕೆಂಡಿನ ಆ ತಡ ಆಡುವವರ ಕಣ್ಣಿಗೆ ಬೀಳುವುದು ಅಪರೂಪ.