ಹೊಗೆ ಬೇಕು, ಕರಕಲು ಬೇಡ: ಮೆಕ್ಸಿಕೊ ಬಗೆಯ ಖಾರದ ರಾಜ್ಮಾ

ಪ್ರಶ್ನೆ: ಮೆಕ್ಸಿಕೊ ಅಡುಗೆಯ, ಹೊಗೆಯ ಪರಿಮಳವಿರುವ ಖಾರದ ಕಾಳನ್ನು ಮನೆಯಲ್ಲಿ ಮಾಡಲು ಯತ್ನಿಸಿದೆ. ರಾತ್ರಿಯಿಡೀ ನೆನೆಸಿದ ಕೆಂಪು ರಾಜ್ಮಾವನ್ನು ಟೊಮೆಟೊ, ವಿನೆಗರ್, ಬೆಲ್ಲದ ಜೊತೆಗೇ ಬೇಯಲಿಟ್ಟೆ. ಎರಡು ಗಂಟೆಯಾದರೂ ಕಾಳು ಮೆತ್ತಗಾಗಲಿಲ್ಲ. ಹೊಗೆಯ ವಾಸನೆಗೆಂದು ಒಣಮೆಣಸಿನಕಾಯಿಯನ್ನು ಕಪ್ಪಗೆ ಹುರಿದು ಹಾಕಿದರೆ ಎಲ್ಲವೂ ಕಹಿಯಾಯಿತು. ಎಲ್ಲಿ ತಪ್ಪಿದೆ? ಇದನ್ನು ಸ್ಲೋ ಕುಕ್ಕರ್‌ನಲ್ಲಿ ಮಾಡಬಹುದೇ?
– ಓದುಗರು, ಮೈಸೂರು

ಉತ್ತರ: ನೀವು ಬಳಸಿದ ಪದಾರ್ಥಗಳಲ್ಲಿ ದೋಷವಿಲ್ಲ, ಅವುಗಳನ್ನು ಹಾಕಿದ ಸರದಿಯಲ್ಲಿದೆ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಕರಗಿದಾಗ ಮಾತ್ರ ಕಾಳು ಮೆತ್ತಗಾಗುತ್ತದೆ. ಟೊಮೆಟೊ ಮತ್ತು ವಿನೆಗರ್‌ಗಳ ಹುಳಿ ಅದು ಕರಗದಂತೆ ತಡೆಯುತ್ತದೆ. ಬೆಲ್ಲದಲ್ಲಿರುವ ಕ್ಯಾಲ್ಸಿಯಂ ಮತ್ತು ಸಕ್ಕರೆ ಕೂಡ ಇದೇ ಕೆಲಸವನ್ನು ಮಾಡುತ್ತವೆ. ನಿಮ್ಮ ಮನೆಗೆ ಕೊಳವೆಬಾವಿಯ ಗಡಸು ನೀರು ಬರುತ್ತಿದ್ದರೆ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ಕಾಳು ಪೂರ್ತಿ ಬೆಂದ ಮೇಲೆಯೇ ಹುಳಿ ಮತ್ತು ಸಿಹಿಯನ್ನು ಸೇರಿಸಬೇಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಅನೇಕರ ನಂಬಿಕೆ ಮಾತ್ರ ತಿರುವುಮುರುವಾಗಿದೆ: ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು ಬೆರೆಸಿ ಅದರಲ್ಲಿ ಕಾಳು ನೆನೆಸಿದರೆ ಸಿಪ್ಪೆ ಬೇಗ ಮೆದುವಾಗುತ್ತದೆ, ಒಡೆಯುವುದೂ ಕಡಿಮೆ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಹಳೆಯ ಕಾಳಿಗೆ ಇದಾವುದೂ ನಾಟುವುದಿಲ್ಲ.

ಸ್ಲೋ ಕುಕ್ಕರ್‌ನ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿ ಬೇಡ ಎಂದೇ. ಹಸಿ ಕೆಂಪು ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಅಂಶವಿದ್ದು, ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆರಂಭವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಆದರೆ ಸ್ಲೋ ಕುಕ್ಕರ್‌ನಂಥ, ಕುದಿಯ ಹಂತಕ್ಕೆ ಏರದ ಮಂದ ಬಿಸಿಯಲ್ಲಿ ಅದರ ಪ್ರಭಾವ ಹಸಿ ಕಾಳಿಗಿಂತಲೂ ಹೆಚ್ಚಾಗಬಲ್ಲದು. ನಮ್ಮ ಪ್ರೆಷರ್ ಕುಕ್ಕರ್‌ನಲ್ಲಿ ಈ ಭಯವಿಲ್ಲ. 250 ಗ್ರಾಂ ರಾಜ್ಮಾವನ್ನು 8–10 ಗಂಟೆ ನೆನೆಸಿ ತೊಳೆದು, ಕಾಳಿನ ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲುವಂತೆ ಹಾಕಿ, ಅರ್ಧ ಈರುಳ್ಳಿ ಮತ್ತು ಮೂರು ಎಸಳು ಬೆಳ್ಳುಳ್ಳಿಯೊಂದಿಗೆ ಇಡಿ. ಮೊದಲ ಕೂಗಿನ ನಂತರ ಉರಿ ತಗ್ಗಿಸಿ 20 ನಿಮಿಷ ಬೇಯಿಸಿ, ಆವಿ ತಾನಾಗಿಯೇ ಇಳಿಯಲು ಬಿಡಿ. ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಿದಾಗ ನಡುವೆ ಬಿಳಿಯ ಹಿಟ್ಟುಹಿಟ್ಟಾದ ಚುಕ್ಕೆ ಉಳಿದಿದ್ದರೆ ಇನ್ನೂ ಬೇಯಬೇಕು. ಬೆಂದ ನೀರನ್ನು ದಯವಿಟ್ಟು ಚೆಲ್ಲಬೇಡಿ. ಪದಾರ್ಥದ ಮಂದತ್ವ ಇರುವುದೇ ಅದರಲ್ಲಿ.

ಇನ್ನು ಹೊಗೆಯ ಮಾತು. ಮೆಕ್ಸಿಕೊದಲ್ಲಿ ಈ ಪರಿಮಳ ಬರುವುದು ಚಿಪೋಟ್ಲೆಯಿಂದ, ಅಂದರೆ ಗಿಡದಲ್ಲೇ ಕೆಂಪಗೆ ಹಣ್ಣಾದ ಹಲಪೇನ್ಯೊ ಮೆಣಸಿನಕಾಯಿಯನ್ನು ಕಟ್ಟಿಗೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿದ ಕಾಯಿಯಿಂದ. ಆ ಕಾಯಿ ದಪ್ಪ ತಿರುಳಿನದಾದ್ದರಿಂದ ಬರಿಯ ಬಿಸಿಲಿನಲ್ಲಿ ಚೆನ್ನಾಗಿ ಒಣಗುವುದಿಲ್ಲ. ಮೆಣಸಿನಕಾಯಿಗೆ ಹೊಗೆ ಹಿಡಿಯುವುದೂ ಮೆಣಸಿನಕಾಯಿಯೇ ಸುಡುವುದೂ ಬೇರೆ ಬೇರೆ. ನಿಮ್ಮ ಬಾಣಲೆಯಲ್ಲಿ ಆದದ್ದು ಎರಡನೆಯದು. ಬ್ಯಾಡಗಿ ಮೆಣಸಿನಕಾಯಿ ಒಳ್ಳೆಯ ಬಣ್ಣ ಕೊಡುತ್ತದೆಯೇ ಹೊರತು ಎಷ್ಟು ಹುರಿದರೂ ಹೊಗೆಯ ಪರಿಮಳ ಕೊಡದು. ಡಬ್ಬಿಯಲ್ಲಿ ಬರುವ ಚಿಪೋಟ್ಲೆ ಸಿಕ್ಕರೆ ಎರಡು ಕಾಯಿ ಸಾಕು. ಸಿಗದಿದ್ದರೆ ಒಂದೂವರೆ ಚಿಕ್ಕ ಚಮಚ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನಕಾಯಿಯ ಪುಡಿ) ಮತ್ತು ಅರ್ಧ ಚಮಚ ಖಾರದ ಪುಡಿ ಬಳಸಬಹುದು. ಕೊಳ್ಳುವಾಗ ಚೀಟಿಯನ್ನು ಓದಿ, ಏಕೆಂದರೆ ಸಾಮಾನ್ಯ ಪ್ಯಾಪ್ರಿಕಾಕ್ಕೆ ಹೊಗೆ ತಾಗಿರುವುದಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿಯನ್ನು ಅಂಚು ಕಂದಾಗುವವರೆಗೆ ಬಾಡಿಸಿ, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ ಪುಡಿ, ಚೂರು ಓರೆಗಾನೊ ಹಾಕಿ. ಪ್ಯಾಪ್ರಿಕಾ ಕಾದ ಎಣ್ಣೆಯಲ್ಲಿ ಬೇಗ ಸೀಯುವುದರಿಂದ ಅದನ್ನು ಸಣ್ಣ ಉರಿಯಲ್ಲಿ ಹಾಕಿ, ಕೂಡಲೇ ಮೂರು ಟೊಮೆಟೊಗಳ ತಿರುಳನ್ನು ಸುರಿಯಬೇಕು. ಸುಟ್ಟ ಬದನೆಕಾಯಿ ಗೊಜ್ಜಿಗೆ ಮಾಡುವಂತೆ ಈ ಟೊಮೆಟೊಗಳನ್ನು ಮೊದಲೇ ನೇರ ಉರಿಯ ಮೇಲೆ ಸುಟ್ಟು, ಕಪ್ಪಾದ ಸಿಪ್ಪೆಯನ್ನು ಬಹುಪಾಲು ತೆಗೆದು ಕಿವುಚಿಟ್ಟುಕೊಂಡರೆ ರುಚಿ ದುಪ್ಪಟ್ಟಾಗುತ್ತದೆ. ಎಣ್ಣೆ ಬಿಟ್ಟ ಮೇಲೆ ಕಾಳನ್ನು ಅದರ ನೀರಿನ ಸಮೇತ ಹಾಕಿ, ಒಂದು ಸೌಟಿನಷ್ಟನ್ನು ಪಾತ್ರೆಯ ಬದಿಗೆ ಒತ್ತಿ ಮಸೆದು, ಉಪ್ಪು ನೋಡಿ, ಮುಚ್ಚದೆ ಅರ್ಧ ಗಂಟೆ ಕುದಿಸಿ. ಬೆಲ್ಲದ ಚೂರು ಕೊನೆಯ ಹತ್ತು ನಿಮಿಷಕ್ಕೆ, ನಿಂಬೆರಸ ಒಲೆ ಆರಿಸಿದ ಮೇಲೆ.

ಚಿಪೋಟ್ಲೆಯೂ ಪ್ಯಾಪ್ರಿಕಾವೂ ಇಲ್ಲದವರು ಕೆಂಡದ ಹೊಗೆ ಕೊಡಬಹುದು. ಇದು ಉತ್ತರ ಭಾರತದ ಪದ್ಧತಿ, ಮೆಕ್ಸಿಕೊದ್ದಲ್ಲ, ಆದರೆ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಕಾಳಿನ ಮೇಲೆ ಪುಟ್ಟ ಸ್ಟೀಲ್ ಬಟ್ಟಲಿಟ್ಟು, ನಿಗಿನಿಗಿ ಕಾದ ಕಟ್ಟಿಗೆಯ ಇದ್ದಿಲೊಂದನ್ನು ಅದರಲ್ಲಿ ಹಾಕಿ, ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಿ. ಮೂರು ನಿಮಿಷ ಸಾಕು, ಹೆಚ್ಚಾದರೆ ಗಂಟಲು ಕೆರೆಯುವಂಥ ಘಾಟು ಉಳಿಯುತ್ತದೆ. ಅಡುಗೆಮನೆಯ ಕಿಟಕಿ ತೆರೆದಿರಲಿ.

ಜೋಳದ ರೊಟ್ಟಿ, ಅನ್ನ ಎರಡಕ್ಕೂ ಇದು ಹೊಂದುತ್ತದೆ. ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಗಟ್ಟಿಯಾಗಿರುತ್ತದಾದ್ದರಿಂದ ಮತ್ತೆ ಬಿಸಿ ಮಾಡುವಾಗ ತಣ್ಣೀರಿನ ಬದಲು ಬಿಸಿನೀರನ್ನೇ ಬೆರೆಸಿ ಒಂದು ಕುದಿ ಬರಿಸಿ.