ಅಂಗಳದ ಪ್ರಶ್ನೆ: ಜರ್ಸಿ ಮೇಲಿನ ನಂಬರು

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಬಾಲಕಿಯರ ವಾಲಿಬಾಲ್ ತಂಡದ ಜರ್ಸಿಗೆ ಕರಿ ಇನ್ಸುಲೇಷನ್ ಟೇಪಿನಿಂದ ನಂಬರು ಅಂಟಿಸಿದ್ದೆವು. ರೆಫರಿ ತಕರಾರು ತೆಗೆದರು. ಅಳತೆ ಎಷ್ಟಿರಬೇಕು?
– ದೈಹಿಕ ಶಿಕ್ಷಣ ಶಿಕ್ಷಕಿ, ಬ್ಯಾಡಗಿ

ಉತ್ತರ: ಎತ್ತರ ಎದೆಯ ಮೇಲೆ ಕನಿಷ್ಠ 15 ಸೆಂ.ಮೀ., ಬೆನ್ನಿನ ಮೇಲೆ 20 ಸೆಂ.ಮೀ.; ಎರಡೂ ಕಡೆ ನಟ್ಟನಡುವೆ ಇರಬೇಕು. ಅಂಕಿಯ ಗೆರೆ ಕನಿಷ್ಠ 2 ಸೆಂ.ಮೀ. ಅಗಲ. ನೀವು ಸಿಕ್ಕಿಬಿದ್ದದ್ದು ಬಹುಶಃ ಇಲ್ಲೇ. ಅಂಗಡಿಯ ಇನ್ಸುಲೇಷನ್ ಟೇಪು ಸಾಮಾನ್ಯವಾಗಿ 18 ಮಿ.ಮೀ. ಅಗಲ ಇರುತ್ತದೆ, ಎಷ್ಟು ನೀಟಾಗಿ ಅಂಟಿಸಿದರೂ 2 ಮಿ.ಮೀ. ಕಮ್ಮಿಯೇ. ಮೇಲಾಗಿ ಬೆವರಿಗೆ ಅಂಚು ಎದ್ದು, ಎಡಗಡೆಯ ಎರಡು ತುಂಡು ಬಿದ್ದರೆ 8 ಹೋಗಿ 3 ಆಗುತ್ತದೆ! ರಟ್ಟಿನಲ್ಲಿ ಅಂಕಿಯ ಅಚ್ಚು ಕತ್ತರಿಸಿ, ಬಟ್ಟೆಯ ಮೇಲೆ ಗುರುತು ಹಾಕಿ, ಕತ್ತರಿಸಿ ಹೊಲಿಸಿ. ಜರ್ಸಿ ಜಗ್ಗುವ ಬಟ್ಟೆ, ಅದಕ್ಕೆ ನೇರ ಹೊಲಿಗೆ ಬೇಡ, ಜಿಗ್‌ಜಾಗ್ ಹಾಕಲು ಹೇಳಿ. ಕ್ಯಾಪ್ಟನ್‌ಗೆ ಎದೆಯ ನಂಬರಿನ ಕೆಳಗೆ 8 × 2 ಸೆಂ.ಮೀ. ಪಟ್ಟಿ ಮರೆಯಬೇಡಿ.

ಪ್ರಶ್ನೆ: ಕೆಂಪು ಜರ್ಸಿಗೆ ಬಿಳಿ ನಂಬರು ಹೀಟ್ ಪ್ರೆಸ್ ಮಾಡಿಸಿದೆವು. ಕೆಲವೇ ದಿನದಲ್ಲಿ ಗುಲಾಬಿಯಾಯಿತು. ಅಂಗಡಿಯವರು ಮೋಸ ಮಾಡಿದರೇ?
– ಪಾಲಕರು, ಹುಬ್ಬಳ್ಳಿ

ಉತ್ತರ: ಮೋಸವಲ್ಲ, ಬಿಸಿ ಜಾಸ್ತಿಯಾಗಿದೆ. 150–160 ಡಿಗ್ರಿಯಲ್ಲಿ ಒತ್ತಿದಾಗ ಪಾಲಿಸ್ಟರಿನ ಬಣ್ಣ ಆವಿಯಾಗಿ ಮೇಲಿನ ವಿನೈಲಿಗೆ, ಅಂದರೆ ನಂಬರಿನ ಪ್ಲಾಸ್ಟಿಕ್ ಹಾಳೆಗೆ, ಏರುತ್ತದೆ. ಕೆಂಪು, ಮರೂನ್ ಬಟ್ಟೆಗಳಲ್ಲಿ ಈ ಕಾಟ ಹೆಚ್ಚು. ಬಣ್ಣ ತಡೆಯುವ ಪದರವಿರುವ, ಕಡಿಮೆ ಬಿಸಿಗೆ ಅಂಟುವ ವಿನೈಲ್ ಕೇಳಿ. ಮೊದಲು ಒಂದೇ ಜರ್ಸಿಗೆ ಹಾಕಿಸಿ, ಎರಡು ದಿನ ಬಿಟ್ಟು ನೋಡಿ. ಗುಲಾಬಿ ನಂಬರು ಬರೀ ಅಂದದ ಮಾತಲ್ಲ: ನಂಬರು ಜರ್ಸಿಯ ಬಣ್ಣದಿಂದ ಎದ್ದು ಕಾಣಬೇಕೆಂಬುದು ನಿಯಮ. ಒಗೆಯುವಾಗ ಒಳಮೈ ಹೊರಗೆ ಮಾಡಿ, ನಂಬರಿನ ಮೇಲೆ ನೇರ ಇಸ್ತ್ರಿ ಬೇಡ.

ಪ್ರಶ್ನೆ: ವಾಲಿಬಾಲ್ ಪಂದ್ಯದ ನಡುವೆ ಜರ್ಸಿ ಹರಿದರೆ ಬೇರೆ ನಂಬರಿನದು ಹಾಕಬಹುದೇ? ಸಾಫ್ಟ್‌ಬಾಲ್‌ಗೂ ಇದೇ ನಿಯಮವೇ?
– ವಿದ್ಯಾರ್ಥಿನಿ, ಗದಗ

ಉತ್ತರ: ಬರುವುದಿಲ್ಲ. ಹರಿದದ್ದನ್ನು ಬದಲಿಸಲು ಬಿಡುತ್ತಾರೆ, ಆದರೆ ಬಣ್ಣ, ವಿನ್ಯಾಸ, ನಂಬರು ಮೂರೂ ಅವೇ ಇರಬೇಕು. ಹಾಗಾಗಿ ಒಂದು ಖಾಲಿ ಜರ್ಸಿ, ಕತ್ತರಿಸಿದ ಬಟ್ಟೆಯ ಅಂಕಿಗಳು, ಸೂಜಿ-ದಾರ ಕಿಟ್ಟಿನಲ್ಲಿರಲಿ. ಸ್ಕೋರ್‌ಶೀಟಿಗೆ ಕ್ಯಾಪ್ಟನ್, ಕೋಚ್ ಸಹಿ ಹಾಕುವ ಮುನ್ನವೇ ಪಟ್ಟಿಯ ನಂಬರನ್ನೂ ಬೆನ್ನಿನ ನಂಬರನ್ನೂ ತಾಳೆ ನೋಡಿ. ಸಾಫ್ಟ್‌ಬಾಲ್‌ನಲ್ಲಿ ಬೆನ್ನಿನ ನಂಬರು ಕನಿಷ್ಠ 6 ಇಂಚು; ಒಂದೇ ತಂಡದಲ್ಲಿ ಒಬ್ಬಳಿಗೆ 3, ಇನ್ನೊಬ್ಬಳಿಗೆ 03 ಕೊಡುವಂತಿಲ್ಲ, ಅವೆರಡೂ ಒಂದೇ ಲೆಕ್ಕ.