ಒಂದೇ ಗೇಮ್‌ನ ಧ್ವನಿ ಕಡತಗಳನ್ನು ವಿಂಡೋಸ್‌ಗೂ ಆಂಡ್ರಾಯ್ಡ್‌ಗೂ ತಾನಾಗಿಯೇ ಸಿದ್ಧಪಡಿಸುವುದು ಹೇಗೆ?

ನೀವು ಆಡಿಯೋಕೈನೆಟಿಕ್ ಕಂಪನಿಯ ವೈಸ್ ಎಂಬ ಗೇಮ್ ಧ್ವನಿ ತಂತ್ರಾಂಶ ಬಳಸುತ್ತಿದ್ದರೆ, ಅದರ ಜೊತೆಗೇ ಬರುವ, ಟೈಪ್ ಮಾಡಿದ ಆದೇಶಗಳಿಂದ ನಡೆಯುವ ವೈಸ್‌ಕನ್ಸೋಲ್ ಸಾಕು. ಪ್ರಾಜೆಕ್ಟ್ ಕಡತವನ್ನೂ ವೇದಿಕೆಗಳ (ವಿಂಡೋಸ್, ಆಂಡ್ರಾಯ್ಡ್) ಹೆಸರನ್ನೂ ಕೊಟ್ಟು ‘ಜನರೇಟ್-ಸೌಂಡ್‌ಬ್ಯಾಂಕ್’ ಆದೇಶ ನಡೆಸಿದರೆ, ಮೂಲ ವೇವ್ ಕಡತಗಳಿಂದ ಆಯಾ ವೇದಿಕೆಯ ಸೌಂಡ್‌ಬ್ಯಾಂಕ್‌ಗಳು, ಅಂದರೆ ಗೇಮ್ ಬಳಸುವ ಧ್ವನಿ ಕಟ್ಟುಗಳು, ತಯಾರಾಗುತ್ತವೆ. ಸಂಕೋಚನದ ಬಗೆಯನ್ನು ಮೊದಲೇ ಕನ್ವರ್ಷನ್ ಸೆಟ್ಟಿಂಗ್ಸ್‌ನಲ್ಲಿ ತೀರ್ಮಾನಿಸಿರಬೇಕು. ಉದ್ದನೆಯ ಸಂಗೀತಕ್ಕೆ ವೋರ್ಬಿಸ್ ಎಂಬ ಬಗೆ ಒಳ್ಳೆಯದು. ಮೊಬೈಲಿನಲ್ಲಿ ಪದೇ ಪದೇ ಕೇಳಿಸುವ ಹೆಜ್ಜೆ, ಗುಂಡಿನ ಸದ್ದುಗಳಿಗೆ ನಾನಾದರೆ ಎಡಿಪಿಸಿಎಂ ಎಂಬ ಇನ್ನೊಂದು ಬಗೆಯನ್ನು ಆರಿಸುತ್ತೇನೆ. ಅದು ಗಾತ್ರವನ್ನು ಸುಮಾರು ಕಾಲು ಭಾಗಕ್ಕಷ್ಟೇ ಇಳಿಸಿದರೂ ಪ್ರೊಸೆಸರಿಗೆ ಹಗುರ.

ಇದನ್ನು ಜೆಂಕಿನ್ಸ್‌ಗೆ (ಇಂಥ ಕೆಲಸಗಳನ್ನು ತಾನಾಗಿಯೇ ನಡೆಸುವ ತಂತ್ರಾಂಶಕ್ಕೆ) ಜೋಡಿಸುವಾಗ ಒಂದು ಕಿರಿಕಿರಿ ಇದೆ. ಬರೀ ಎಚ್ಚರಿಕೆ ಬಂದರೂ ವೈಸ್‌ಕನ್ಸೋಲ್ ಯಶಸ್ಸನ್ನು ಸೂಚಿಸುವ 0 ಬದಲು 2 ಎಂಬ ಸಂಕೇತವನ್ನು ಹಿಂದಿರುಗಿಸುತ್ತದೆ. ಜೆಂಕಿನ್ಸ್ ಅದನ್ನು ವಿಫಲವೆಂದೇ ಎಣಿಸುತ್ತದೆ. 2 ಬಂದರೆ ಮುಂದುವರಿಯುವಂತೆ ಸ್ಕ್ರಿಪ್ಟ್ ಬರೆಯಿರಿ. ಪರಿವರ್ತನೆಯಾದ ಕಡತಗಳನ್ನು ಉಳಿಸಿಡುವ ಕ್ಯಾಶ್ ಫೋಲ್ಡರನ್ನು ಅಳಿಸಬೇಡಿ. ಅದಿದ್ದರೆ ಬದಲಾದ ಕಡತಗಳಷ್ಟೇ ಮತ್ತೆ ಪರಿವರ್ತನೆಯಾಗುತ್ತವೆ.